ಔಷಧ ಋಷಿ ಡಾ. ಯಲ್ಲಾಪ್ರಗಡ ಸುಬ್ಬರಾವ್ ಹಾಗೂ ನಮ್ಮ ಕೋಳಿ ಫೀಡಿನ ಚೀಲ



ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಒಬ್ಬ ಮಹನೀಯರ ಜೀವನ ಚರಿತ್ರೆ ಇರಲೇಬೇಕೆಂದು ಸಂಚಿಕೆ ಸಮಿತಿಯಲ್ಲಿ ತೀರ್ಮಾನವಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದ ಕಥೆಯನ್ನು ಪ್ರತಿ ವರ್ಷ ಸಹಕಾರಿ ಸಪ್ತಾಹದ ಭಾಷಣದಲ್ಲಿ ಕೇಳುತ್ತಲೇ ಬಂದಿದ್ದೇವೆ. ಅದನ್ನೇ ತಿರುಗಿ ಬರೆಯುವುದು ಬೇಡವೆಂದು ನಾನು ಬೇರೆಯೇ ಒಬ್ಬರನ್ನು ಆರಿಸಿಕೊಂಡೆ. ಇವರು ಸಹಕಾರಿ ಧುರೀಣರಲ್ಲ, ರೈತರಲ್ಲ, ಕನ್ನಡಿಗರೂ ಅಲ್ಲ. ಪಕ್ಕದ ಆಂಧ್ರದವರು. ಬಹುಶಃ ಜೀವಮಾನದಲ್ಲಿ ಒಂದು ಕೋಳಿ ಸಾಕಿದವರೂ ಅಲ್ಲ. ಆದರೂ ನಮ್ಮ ಸದಸ್ಯರು ಕೋಳಿ ಮರಿಗಳಿಗೆ ಹಾಕುವ ಫೀಡಿನ ಒಂದೊಂದು ಚೀಲದಲ್ಲೂ ಇವರ ಕೆಲಸದ ಗುರುತು ಇದೆ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಈ ಮಾತು ಈಗ ಯಾಕೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಉಳವಿ ಸುತ್ತಮುತ್ತ ಭತ್ತ, ಅಡಿಕೆ ಬಿಟ್ಟರೆ ಬೇರೆ ಉತ್ಪನ್ನ ಕಡಿಮೆ. ಅಂಗಳದಲ್ಲಿ ಊರ ಕೋಳಿ ಮೊದಲಿಂದಲೂ ಇತ್ತು, ಅದಕ್ಕೆ ನುಚ್ಚು, ತೌಡು ಚೆಲ್ಲಿದರೆ ಆಯಿತು, ಉಳಿದದ್ದು ಅದೇ ಕೆದರಿಕೊಂಡು ತಿನ್ನುತ್ತಿತ್ತು. ಈಚೆಗೆ ನಮ್ಮ ಸದಸ್ಯರಲ್ಲಿ ಕೆಲವರು ಸಣ್ಣ ಶೆಡ್ಡು ಕಟ್ಟಿ ಬ್ರಾಯ್ಲರ್ ಮರಿ ಬಿಡುತ್ತಿದ್ದಾರೆ. ಬ್ರಾಯ್ಲರ್ ಅಂದರೆ ಆರು ವಾರಕ್ಕೆ ಎರಡು ಕಿಲೋ ದಾಟಬೇಕಾದ ಜಾತಿ. ಅದು ಕೆದರಿ ತಿನ್ನುವುದಲ್ಲ, ನಾವು ಹಾಕಿದ್ದನ್ನೇ ತಿಂದು ಬೆಳೆಯಬೇಕು. ನಾವು ಹಾಕಿದ್ದರಲ್ಲಿ ಏನಾದರೂ ಕೊರತೆಯಾದರೆ ಅದಕ್ಕೆ ಬೇರೆ ದಾರಿಯೇ ಇಲ್ಲ.

ಫೀಡಿಗೆ ಮುಖ್ಯ ಕಾಳು ಗೋವಿನಜೋಳ. ಅದರ ದರ ಏರಿದಾಗ ಎಲ್ಲರ ಕಣ್ಣು ಜೋಳದ ಕಡೆ ಹೋಗುತ್ತದೆ. ಜೋಳ ನಮ್ಮಲ್ಲಿ ಬೆಳೆಯುವುದಿಲ್ಲ ನಿಜ, ಆದರೆ ನಮಗೆ ಅಪರಿಚಿತವೂ ಅಲ್ಲ. ಭಾರತ ಹುಣ್ಣಿಮೆಗೆ ಚನ್ನಬಸವೇಶ್ವರರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರ ಬುತ್ತಿಯಲ್ಲಿ ಜೋಳದ ರೊಟ್ಟಿಯೇ ಅಲ್ಲವೆ? ಹಿಂಗಾರಿ ಬಿಳಿಜೋಳ ಮನುಷ್ಯರ ಊಟಕ್ಕೆ ಹೋಗುತ್ತದೆ. ಮುಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಪ್ಪಾಗಿ ರೊಟ್ಟಿಗೆ ಬಾರದೆ ಸೋವಿ ದರಕ್ಕೆ ಕೋಳಿ ಫೀಡಿಗೆ ಬರುತ್ತದೆ. ಶಕ್ತಿಯ ಲೆಕ್ಕದಲ್ಲಿ ಜೋಳ ಗೋವಿನಜೋಳಕ್ಕಿಂತ ಸ್ವಲ್ಪವೇ ಕಡಿಮೆ. ಆದರೆ ಅದನ್ನು ಹಾಗೇ ಬೀಸಿ ಹಾಕಿದರೆ ನಡೆಯುವುದಿಲ್ಲ, ಅದರ ಜೊತೆ ಏನೇನೋ ಪುಡಿ ಕೂಡಿಸಬೇಕಾಗುತ್ತದೆ. ಆ ಪುಡಿಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಸೊಸೈಟಿಯ ಗೋದಾಮಿನಲ್ಲಿ ಯಾವುದನ್ನು ಇಡಬೇಕು ಎಂಬ ಚರ್ಚೆ ನಮ್ಮ ಆಡಳಿತ ಮಂಡಳಿಯಲ್ಲಿ ಇನ್ನೂ ಮುಗಿದಿಲ್ಲ. ಆ ಚರ್ಚೆಯ ಬೇರು ಹುಡುಕುತ್ತಾ ಹೋದರೆ ಸುಬ್ಬರಾಯರ ಹತ್ತಿರ ಹೋಗಿ ನಿಲ್ಲುತ್ತೇವೆ.

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತದ ಭೀಮಾವರಂನಲ್ಲಿ. ಗೋದಾವರಿ ನೀರಿನ ಭತ್ತದ ಸೀಮೆ ಅದು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆ ಕಂದಾಯ ಇಲಾಖೆಯ ಸಣ್ಣ ನೌಕರಿಯಲ್ಲಿದ್ದವರು, ಆರೋಗ್ಯ ಕೆಟ್ಟು ಬೇಗ ಮನೆಗೆ ಕುಳಿತರು. ಏಳು ಮಕ್ಕಳ ಸಂಸಾರ, ಬಡತನ. ಹುಡುಗ ಓದಿನಲ್ಲಿ ಮುಂದು ಅಂತೇನೂ ಇರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಎಲ್ಲಿಗೆ ಗೊತ್ತೆ? ಕಾಶಿಗೆ! ವೈರಾಗ್ಯ ಬಂದು ಅಲ್ಲ, ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡಬೇಕೆಂದು. ಜಾತ್ರೆಯಲ್ಲಿ ಅಂಗಡಿ ಹಾಕುವ ನಮ್ಮೂರ ಹುಡುಗರಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ. ದಾರಿಯಲ್ಲೇ ಹಿಡಿದು ತಂದು ತಾಯಿ ಮತ್ತೆ ಶಾಲೆಗೆ ಹಚ್ಚಿದರು.

ತಂದೆ ತೀರಿಹೋದ ಮೇಲೆ ತಾಯಿ ಒಡವೆ ಮಾರಿ ಓದಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲಕ್ಕೆ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದರು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಮಕ್ಕಳನ್ನು ಬೈಯುವ ಪಾಲಕರು ಇದನ್ನು ಸ್ವಲ್ಪ ಗಮನಿಸಬೇಕು. ಮುಂದೆ ಪ್ರೆಸಿಡೆನ್ಸಿ ಕಾಲೇಜು. ಆ ದಿನಗಳಲ್ಲಿ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿ ಆಗುವ ಮನಸ್ಸು ಮಾಡಿದ್ದರು. ತಾಯಿ ಒಪ್ಪಲಿಲ್ಲ. ವೈದ್ಯನಾಗಿಯಾದರೂ ಸೇವೆ ಮಾಡಬಹುದೆಂದು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು.

ಅದು ಗಾಂಧೀಜಿಯವರ ಸ್ವದೇಶಿ ಕರೆಯ ಕಾಲ. ಸುಬ್ಬರಾಯರು ಆಪರೇಶನ್ ಕೋಣೆಗೆ ಖಾದಿಯ ಅಂಗಿ ಹೊಲಿಸಿಕೊಂಡು ಹೋದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಇದು ಸೇರಲಿಲ್ಲ. ಉತ್ತರ ಪತ್ರಿಕೆ ಚೆನ್ನಾಗಿ ಬರೆದಿದ್ದರೂ ಪೂರ್ಣ ಎಂ.ಬಿ.ಬಿ.ಎಸ್. ಪದವಿ ಸಿಗದೆ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಟಿಫಿಕೇಟು ಕೈಗೆ ಬಂತು. ಅದನ್ನು ಹಿಡಿದು ಸರಕಾರಿ ನೌಕರಿಗೆ ಅಲೆದರೂ ಆಗಲಿಲ್ಲ. ಕೊನೆಗೆ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು.

ಇದರ ನಡುವೆ ಮನೆಯಲ್ಲಿ ದೊಡ್ಡ ಹೊಡೆತ ಬಿತ್ತು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ಮದುವೆಯಾಗಿತ್ತು. ಅದಾದ ಎರಡು ವರ್ಷಕ್ಕೆ ಇವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸಂಗ್ರಹಣಿ ರೋಗದಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಬತ್ತಿ, ಮನುಷ್ಯ ಕಣ್ಣೆದುರೇ ಸೊರಗಿಹೋಗುವ ರೋಗ ಅದು. ಸುಬ್ಬರಾಯರಿಗೂ ಅದೇ ರೋಗ ತಗುಲಿ, ಆಯುರ್ವೇದ ಔಷಧದಿಂದ ಹೇಗೋ ಬದುಕಿಕೊಂಡರು. ಈ ರೋಗಕ್ಕೆ ಮದ್ದು ಹುಡುಕಬೇಕು ಎಂಬುದು ಅವರ ತಲೆಯಲ್ಲಿ ಕೂತಿದ್ದು ಆವಾಗ.

ಅಮೇರಿಕಕ್ಕೆ ಹೋಗಿ ಉಷ್ಣವಲಯದ ರೋಗಗಳ ಬಗ್ಗೆ ಓದಬೇಕೆಂದು ಹೊರಟರೆ ಕೈಯಲ್ಲಿ ಕಾಸಿಲ್ಲ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯವರು ನೆರವಿನ ಭರವಸೆ ಕೊಟ್ಟರು, ಮಾವನವರು ಉಳಿದ ಹಣ ಒದಗಿಸಿದರು. ಗರ್ಭಿಣಿ ಹೆಂಡತಿಯನ್ನು ತವರಿನಲ್ಲಿ ಬಿಟ್ಟು, ಎರಡು ಮೂರು ವರ್ಷಕ್ಕೆ ಮರಳುವ ಲೆಕ್ಕದಲ್ಲಿ ಹಡಗು ಹತ್ತಿ, 1922ರ ಅಕ್ಟೋಬರ್ ಕೊನೆಗೆ ಬೋಸ್ಟನ್ ಪಟ್ಟಣದಲ್ಲಿ ಇಳಿದರು. ಆಮೇಲೆ ಅವರು ಊರಿಗೆ ಬರಲೇ ಇಲ್ಲ. ಹುಟ್ಟಿದ ಗಂಡು ಮಗು ಕೂಸಿರುವಾಗಲೇ ತೀರಿಹೋಯಿತು, ತಂದೆ ಅದರ ಮುಖ ನೋಡಲಿಲ್ಲ. ಶೇಷಗಿರಿಯಮ್ಮನವರು ಗಂಡನನ್ನು ಮತ್ತೆ ನೋಡಲಿಲ್ಲ. ಮಹನೀಯರ ಚರಿತ್ರೆ ಬರೆಯುವವರು ಇಂಥ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಮಾತ್ರ ಇದರಲ್ಲಿ ಆ ತಾಯಿಯ ತ್ಯಾಗವೇ ದೊಡ್ಡದಾಗಿ ಕಾಣುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹಗಲು ಓದು, ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಡಾಕ್ಟರಿಕೆ ಓದಿದ್ದ ಮನುಷ್ಯ ಈ ಕೆಲಸ ಮಾಡಿ ಡಿಪ್ಲೊಮಾ ಪಡೆದು, ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆ ಸೇರಿದರು. ಇಲ್ಲಿಂದ ಅವರ ಕೆಲಸ ನಮ್ಮ ಫೀಡಿನ ಚೀಲಕ್ಕೆ ಹತ್ತಿರವಾಗುತ್ತದೆ.

ಫಿಸ್ಕ್ ಮತ್ತು ಸುಬ್ಬರಾವ್ ಸೇರಿ 1925ರಲ್ಲಿ ಒಂದು ಪರೀಕ್ಷಾ ವಿಧಾನ ಪ್ರಕಟಿಸಿದರು. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ದ್ರಾವಣಕ್ಕೆ ಮಾಲಿಬ್ಡಿನಂ ಸೇರಿದ ಒಂದು ರಾಸಾಯನಿಕ ಹಾಕಿ, ಇನ್ನೊಂದನ್ನು ಕೂಡಿಸಿದರೆ ನೀಲಿ ಬಣ್ಣ ಏಳುತ್ತದೆ. ರಂಜಕ ಹೆಚ್ಚಿದ್ದರೆ ನೀಲಿ ಗಾಢ, ಕಡಿಮೆ ಇದ್ದರೆ ತಿಳಿ. ಬಟ್ಟೆಗೆ ಹಾಕುವ ನೀಲಿ ಹೆಚ್ಚು ಕಡಿಮೆ ಆದದ್ದು ನೀರು ನೋಡಿದರೆ ತಿಳಿಯುವುದಿಲ್ಲವೆ, ಹಾಗೆ. ಆದರೆ ಇದನ್ನು ಯಂತ್ರದಲ್ಲಿ ಅಳೆಯುತ್ತಾರೆ. ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ದಶಕಗಟ್ಟಲೆ ಈ ಪರೀಕ್ಷೆ ನಡೆಯಿತು. ನಾವು ಹೊಲದ ಮಣ್ಣು ಪರೀಕ್ಷೆಗೆ ಕೊಟ್ಟಾಗ ಚೀಟಿಯಲ್ಲಿ ರಂಜಕದ ಅಂಕಿ ಬರುತ್ತದಲ್ಲ, ಅದೂ ಇದೇ ಜಾತಿಯ ನೀಲಿ ಬಣ್ಣದ ಪರೀಕ್ಷೆಯಿಂದಲೇ ಬರುವುದು.

ಈಗ ಜೋಳಕ್ಕೆ ಬರೋಣ. ಒಂದು ಕ್ವಿಂಟಲ್ ಜೋಳದಲ್ಲಿ ಸುಮಾರು 300 ಗ್ರಾಂ ರಂಜಕ ಇರುತ್ತದೆ. ಕೇಳಲಿಕ್ಕೆ ಸಾಕಷ್ಟಾಯಿತು. ಆದರೆ ಅದರಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿ ಇಟ್ಟಂತೆ ಇರುತ್ತದೆ. ದನ ಎಮ್ಮೆಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಬೀಗ ತೆಗೆಯುತ್ತವೆ. ಕೋಳಿಗೆ ಆ ಶಕ್ತಿ ಬಹಳ ಕಡಿಮೆ, ಹೆಚ್ಚಿನದು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಆದ್ದರಿಂದ ಚೀಲ ತುಂಬ ಜೋಳ ತಿಂದ ಬ್ರಾಯ್ಲರ್ ಮರಿಗೂ ಮೂಳೆಗೆ ಬೇಕಾದ ರಂಜಕ ಸಿಗದೆ ಕಾಲು ಸೊಟ್ಟಗಾಗಿ ಕುಂತಲ್ಲೇ ಕೂತುಬಿಡುತ್ತದೆ. ಇದಕ್ಕೆ ಫೀಡಿನಲ್ಲಿ ಡಿ.ಸಿ.ಪಿ. ಎಂಬ ಬಿಳಿ ಪುಡಿ ಕೂಡಿಸುತ್ತಾರೆ, ಅದು ಸುಣ್ಣ ಮತ್ತು ರಂಜಕ ಕೂಡಿದ ವಸ್ತು. ಇನ್ನೊಂದು ಉಪಾಯ ಫೈಟೇಸ್ ಎಂಬ ಕಿಣ್ವ, ಅಂದರೆ ಬೀಗ ತೆಗೆಯುವ ಕೀಲಿಕೈ. ನೆದರ್ಲೆಂಡ್ಸ್ ದೇಶದಲ್ಲಿ 1991ರಲ್ಲಿ ಇದು ಮೊದಲು ಮಾರಾಟಕ್ಕೆ ಬಂತು. ಟನ್ನು ಫೀಡಿಗೆ ಗ್ರಾಂ ಲೆಕ್ಕದಲ್ಲಿ ಹಾಕಿದರೆ ಸಾಕು, ಡಿ.ಸಿ.ಪಿ. ಖರ್ಚು ಕಡಿಮೆಯಾಗುತ್ತದೆ. ಈ ಕೀಲಿಕೈ ಕೆಲಸ ಮಾಡಿತೋ ಇಲ್ಲವೋ ಎಂದು ನೋಡುವುದೂ ಬಿಡುಗಡೆಯಾದ ರಂಜಕವನ್ನು ನೀಲಿ ಬಣ್ಣದಿಂದ ಅಳೆದೇ.

ರಂಜಕದ ಜಾಡು ಹಿಡಿದು ಹೋಗಿಯೇ ಅವರು 1927ರ ಸುಮಾರಿಗೆ ಸ್ನಾಯುವಿನಲ್ಲಿ ಶಕ್ತಿ ಸಂಗ್ರಹವಾಗುವ ಒಂದು ಪದಾರ್ಥವನ್ನೂ, 1929ರಲ್ಲಿ ಎ.ಟಿ.ಪಿ. ಎಂಬ ಇನ್ನೊಂದನ್ನೂ ಕಂಡರು. ಎರಡನೆಯದನ್ನು ಅದೇ ವರ್ಷ ಜರ್ಮನಿಯ ವಿಜ್ಞಾನಿಯೊಬ್ಬರೂ ಸ್ವತಂತ್ರವಾಗಿ ಕಂಡಿದ್ದರು. ನಾವು ನೇಗಿಲು ಹೂಡುವಾಗ, ಎತ್ತು ಚಕ್ಕಡಿ ಎಳೆಯುವಾಗ ಖರ್ಚಾಗುವ ನಗದು ಇದೇ ಎ.ಟಿ.ಪಿ. ಇಷ್ಟೆಲ್ಲ ಮಾಡಿದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅದನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಕಂಪನಿ ಸೇರಿ, ಅಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಮುಂದಿನ ಎಂಟು ವರ್ಷ ಅವರು ಮತ್ತು ಅವರ ತಂಡದವರು ಮಾಡಿದ ಕೆಲಸವನ್ನು ನೋಡಿದರೆ ಇಷ್ಟನ್ನೆಲ್ಲ ಒಂದೇ ಪ್ರಯೋಗಶಾಲೆಯಿಂದ ಮಾಡಲಿಕ್ಕೆ ಸಾಧ್ಯವೆ ಅನಿಸುತ್ತದೆ.

ತಮ್ಮ ಅಣ್ಣ ತಮ್ಮಂದಿರನ್ನು ತಿಂದ ಸಂಗ್ರಹಣಿಯ ಬೆನ್ನು ಅವರು ಬಿಟ್ಟಿರಲಿಲ್ಲ. ರಕ್ತ ಬತ್ತುವ ರೋಗಕ್ಕೆ ಲಿವರಿನಲ್ಲಿ ಏನೋ ಮದ್ದಿದೆ ಎಂಬುದು ಆಗಲೇ ಗೊತ್ತಿತ್ತು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಿಂದ ನಮ್ಮ ಮುಂಬೈಗೆ ಬಂದು, ಬಸುರಿಯರ ರಕ್ತಹೀನತೆಗೆ ಈಸ್ಟಿನ ಸಾರ ಕೊಟ್ಟು ಗುಣಪಡಿಸಿ ದಾರಿ ತೋರಿಸಿದ್ದರು. ಆದರೆ ಆ ವಸ್ತು ಯಾವುದು, ಅದನ್ನು ಬೇರ್ಪಡಿಸುವುದು ಹೇಗೆ ಎಂಬುದು ತಿಳಿದಿರಲಿಲ್ಲ. ಇಲ್ಲಿ ಕೋಳಿ ಮರಿಗಳು ಕೆಲಸಕ್ಕೆ ಬಂದವು. ಈ ವಸ್ತು ಇಲ್ಲದ ಆಹಾರ ತಿಂದ ಮರಿ ಬೆಳೆಯುವುದಿಲ್ಲ, ಪುಕ್ಕ ಸರಿಯಾಗಿ ಬರುವುದಿಲ್ಲ, ರಕ್ತ ಕಡಿಮೆಯಾಗಿ ಜುಟ್ಟು ಬಿಳಿಚುತ್ತದೆ. ಲಿವರಿನ ಸಾರವನ್ನು ಸೋಸಿ ಸೋಸಿ ಮರಿಗಳಿಗೆ ತಿನ್ನಿಸಿ, ಯಾವ ಭಾಗದಿಂದ ಮರಿ ಚೇತರಿಸಿಕೊಳ್ಳುತ್ತದೆ ಎಂದು ನೋಡುತ್ತಾ ಹೋಗುವುದು ಒಂದು ವಿಧಾನವಾಗಿತ್ತು. ಲೆಡರ್ಲಿಯಲ್ಲಿ ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ಕೋಳಿ ಪೋಷಣೆಯ ತಜ್ಞರೇ ಈ ತಂಡದಲ್ಲಿದ್ದರು. 1945ರಲ್ಲಿ ಆ ವಸ್ತುವನ್ನು ಕೃತಕವಾಗಿ ತಯಾರಿಸಿದ ಸುದ್ದಿ ಹೊರಬಿತ್ತು. ಅದೇ ಫೋಲಿಕ್ ಆಸಿಡ್. ಸಂಗ್ರಹಣಿಯವರು ಅದನ್ನು ತಿಂದು ಎದ್ದು ಕೂತರು.

ಆಶಾ ಕಾರ್ಯಕರ್ತೆಯರು ಬಸುರಿ ಹೆಣ್ಣುಮಕ್ಕಳಿಗೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಕೂಡಿರುವುದು ಇದೇ ಫೋಲಿಕ್ ಆಸಿಡ್. ಬ್ರಾಯ್ಲರ್ ಫೀಡಿನ ವಿಟಮಿನ್ ಪುಡಿಯ ಪಾಕೀಟಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಇದೇ. ಊರ ಕೋಳಿ ಸೊಪ್ಪು, ಹುಳ, ಗೊಬ್ಬರ ಕೆದರಿ ಇದನ್ನು ಪಡೆಯುತ್ತದೆ. ಶೆಡ್ಡಿನ ಕೋಳಿಗೆ ಆ ಪುಡಿಯಿಂದಲೇ ಬರಬೇಕು.

ಈ ಫೋಲಿಕ್ ಆಸಿಡಿಗೆ ವಿರೋಧವಾಗಿ ಕೆಲಸ ಮಾಡುವ ಅಮೈನೊಪ್ಟೆರಿನ್ ಎಂಬ ಔಷಧವನ್ನೂ ಇದೇ ತಂಡ ತಯಾರಿಸಿತು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು, ಕೆಲಕಾಲವಾದರೂ ರೋಗ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದರ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆನೆಕಾಲು ರೋಗದ ಹೆಟ್ರಜಾನ್ ಗುಳಿಗೆಯೂ ಇವರ ಪ್ರಯೋಗಶಾಲೆಯದೇ. ಕರಾವಳಿಯಲ್ಲಿ ಆರೋಗ್ಯ ಇಲಾಖೆಯವರು ಮನೆ ಮನೆಗೆ ಹೋಗಿ ನುಂಗಿಸಿದ ಡಿ.ಇ.ಸಿ. ಗುಳಿಗೆ ಅಂದರೆ ಅದು.

ಇನ್ನು ಬರುವುದು ಮೂರನೆಯ ಪುಡಿ. ತಕರಾರು ಇರುವುದು ಇದರದ್ದೇ.

ಎರಡನೆಯ ಮಹಾಯುದ್ಧದಲ್ಲಿ ಪೆನಿಸಿಲಿನ್ ಬಂದ ಮೇಲೆ ಎಲ್ಲ ಕಂಪನಿಗಳೂ ಮಣ್ಣಿನಲ್ಲಿ ಅಂಥದೇ ಔಷಧ ಹುಡುಕಲಿಕ್ಕೆ ಹತ್ತಿದವು. ಲೆಡರ್ಲಿಯಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು ಈ ಕೆಲಸಕ್ಕಿದ್ದರು. ಕಾಲೇಜಿನಿಂದ ನಿವೃತ್ತಿಯಾಗಿ ಎಪ್ಪತ್ತು ದಾಟಿದ ಮೇಲೆ ಈ ಕೆಲಸಕ್ಕೆ ಸೇರಿದ ಗಟ್ಟಿ ಮುದುಕರು. ಊರೂರಿನಿಂದ ಮಣ್ಣು ತರಿಸಿದರು. 1945ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಹಳೆಯ ಪ್ರಯೋಗದ ಹೊಲ, ಸ್ಯಾನ್‌ಬಾರ್ನ್ ಫೀಲ್ಡ್ ಎಂಬುದರ ಒಂದು ಹುಲ್ಲಿನ ತಾಕಿನಿಂದ ಬಂದ ಮಣ್ಣಿನಲ್ಲಿ ಬೂಜಿನಂತೆ ಬೆಳೆಯುವ ಬಂಗಾರದ ಬಣ್ಣದ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ತೆಗೆದ ಔಷಧವೇ ಆರಿಯೋಮೈಸಿನ್. ಪೆನಿಸಿಲಿನ್ನಿಗೆ ಬಗ್ಗದ ಎಷ್ಟೋ ರೋಗಗಳಿಗೆ ಇದು ಬಗ್ಗಿಸಿತು. ಟೆಟ್ರಾಸೈಕ್ಲಿನ್ ಕುಟುಂಬದ ಹಿರಿಯಣ್ಣ ಇದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಬಂದಾಗ ಜನ ಔಷಧ ಅಂಗಡಿಗಳ ಮುಂದೆ ಮುಗಿಬಿದ್ದು ಕೊಂಡ ಗುಳಿಗೆ ಟೆಟ್ರಾಸೈಕ್ಲಿನ್ ಎಂಬುದು ಹಲವರಿಗೆ ನೆನಪಿರಬಹುದು.

ಆರಿಯೋಮೈಸಿನ್ ಜಗತ್ತಿಗೆ ಪ್ರಕಟವಾದದ್ದು 1948ರ ಬೇಸಿಗೆಯಲ್ಲಿ. ಅದೇ ಆಗಸ್ಟ್ ಮೊದಲ ಭಾಗದಲ್ಲಿ ಸುಬ್ಬರಾಯರು ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಇಪ್ಪತ್ತಾರು ವರ್ಷ ಅಲ್ಲಿದ್ದರೂ ಅಮೇರಿಕದ ಪ್ರಜೆ ಆಗಿರಲಿಲ್ಲ. ಸ್ವತಂತ್ರ ಭಾರತಕ್ಕೆ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಅವರು ಹೋದ ಮೇಲೆ, ಅದೇ ವರ್ಷದ ಕೊನೆಗೆ, ಅದೇ ಕಂಪನಿಯಲ್ಲಿ ಸ್ಟೋಕ್‌ಸ್ಟಾಡ್ ಮತ್ತು ಥಾಮಸ್ ಜೂಕ್ಸ್ ಎಂಬಿಬ್ಬರು ಕೋಳಿ ಮರಿಗಳ ಮೇಲೆ ಬೇರೊಂದು ಪ್ರಯೋಗ ನಡೆಸಿದ್ದರು. ಸೋಯಾ ಹಿಂಡಿ ಮಾತ್ರ ತಿಂದ ಮರಿ ಚೆನ್ನಾಗಿ ಬೆಳೆಯುವುದಿಲ್ಲ, ಮೀನಿನ ಪುಡಿಯಲ್ಲೋ ಲಿವರಿನಲ್ಲೋ ಇರುವ ಯಾವುದೋ ಅಂಶ ಬೇಕಾಗುತ್ತದೆ. ಅದು ಆಗಷ್ಟೇ ಗೊತ್ತಾಗಿದ್ದ ಬಿ-12 ವಿಟಮಿನ್. ಅದು ಅಗ್ಗಕ್ಕೆ ಎಲ್ಲಿ ಸಿಕ್ಕೀತೆಂದು ಹುಡುಕುತ್ತಾ, ಆರಿಯೋಮೈಸಿನ್ ತೆಗೆದು ಉಳಿದ ಗಸಿಯನ್ನು ಮರಿಗಳಿಗೆ ಹಾಕಿದರು. ಹೆಂಡ ಬಟ್ಟಿ ಇಳಿಸಿ ಉಳಿದ ಗಸಿಯನ್ನು ಹಂದಿಗೆ ಹಾಕುತ್ತಾರಲ್ಲ, ಅಂಥ ಲೆಕ್ಕ. ಮರಿಗಳು ಬಿ-12 ಕೊಟ್ಟವುಕ್ಕಿಂತಲೂ ಹೆಚ್ಚು ತೂಗಿದವು. ಕಾರಣ ಹುಡುಕಿದರೆ ಗಸಿಯಲ್ಲಿ ಉಳಿದಿದ್ದ ಚೂರು ಆರಿಯೋಮೈಸಿನ್. 1950ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ರೋಗವಿಲ್ಲದ ಕೋಳಿಗೆ ದಿನಾ ಫೀಡಿನಲ್ಲಿ ಚಿಟಿಕೆ ಔಷಧ ಹಾಕುವ ಪದ್ಧತಿ. ಕೋಳಿ, ಹಂದಿ, ಕರು ಎಲ್ಲಕ್ಕೂ ಹಬ್ಬಿ, ಪ್ರಪಂಚವೆಲ್ಲ ಸುತ್ತಿ ನಮ್ಮ ದೇಶದ ಫೀಡಿಗೂ ಬಂತು.

ಇದರಲ್ಲಿ ಏನು ತಪ್ಪು ಎಂದು ಕೇಳುವ ಸದಸ್ಯರಿದ್ದಾರೆ. ಕೋಳಿ ತೂಗಿದರೆ ನಮಗೇ ಲಾಭ ಅಲ್ಲವೆ ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಬೋಸ್ಟನ್ ಹತ್ತಿರದ ಒಂದು ಫಾರಂನ ಕಥೆ. ಡಾ. ಸ್ಟುವರ್ಟ್ ಲೆವಿ ಎಂಬುವವರು ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಕೂಡಿಸಿದ ಫೀಡ್, ಇನ್ನೊಂದು ಪಾಲಿಗೆ ಬರೀ ಫೀಡ್ ಹಾಕಿಸಿದರು. ಔಷಧದ ಫೀಡ್ ತಿಂದ ಕೋಳಿಗಳ ಕರುಳಿನಲ್ಲಿದ್ದ ರೋಗಾಣುಗಳ ಬಳಗ ಕೆಲವೇ ದಿನಗಳಲ್ಲಿ ಆ ಔಷಧಕ್ಕೆ ಬಗ್ಗದಂತಾಯಿತು. ತಿಂಗಳುಗಳು ಕಳೆದಂತೆ ಕೋಳಿ ನೋಡಿಕೊಳ್ಳುತ್ತಿದ್ದ ಮನೆಮಂದಿಯ ಹೊಟ್ಟೆಯಲ್ಲೂ ಅಂಥವೇ ಕಂಡವು. ಅವರು ಯಾರೂ ಆ ಔಷಧ ನುಂಗಿದವರಲ್ಲ. 1976ರಲ್ಲಿ ಇದು ಪ್ರಕಟವಾಯಿತು.

ನಮಗೆ ಇದರ ಅರ್ಥ ಏನು? ಉಳವಿಯಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಕಾಡಿನ ದಾರಿ, ತಾಸುಗಟ್ಟಲೆ ಪ್ರಯಾಣ. ಮಳೆಗಾಲದಲ್ಲಿ ಹೇಳುವುದೇ ಬೇಡ. ನಮ್ಮಂಥವರಿಗೆ ಹತ್ತಿರದ ದವಾಖಾನೆಯ ಅಗ್ಗದ ಗುಳಿಗೆಯೇ ಮೊದಲ ಆಸರೆ. ಆ ಗುಳಿಗೆ ಕೋಳಿ ಶೆಡ್ಡಿನಲ್ಲಿ ಸವೆದು ಕೆಲಸ ಕೆಟ್ಟರೆ, ಪಟ್ಟಣದವರಿಗಿಂತ ಮೊದಲು ಪೆಟ್ಟು ಬೀಳುವುದು ನಮಗೆ. ಕೋಳಿ ತಿನ್ನದವರ ಮನೆಗೂ ಅದು ಬರುತ್ತದೆ. ಅವರು ಈ ಲೇಖನ ನಮಗಲ್ಲ ಎಂದು ಪುಟ ತಿರುವಬಾರದು.

ಸ್ವೀಡನ್ ದೇಶ 1986ರಲ್ಲಿ ಬೆಳವಣಿಗೆಗಾಗಿ ಫೀಡಿನಲ್ಲಿ ಇಂಥ ಔಷಧ ಹಾಕುವುದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ಶುರು ಮಾಡಿದ ಅಮೇರಿಕವೇ 2017ರಿಂದ, ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳನ್ನು ಬರೀ ತೂಕಕ್ಕಾಗಿ ಹಾಕುವುದನ್ನು ಬಂದ್ ಮಾಡಿತು. ನಮ್ಮ ಭಾರತ ಸರಕಾರ 2019ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ, ಮೀನು ಮೊದಲಾದವುಗಳಿಗೆ ಬಳಸಬಾರದೆಂದು ನಿಷೇಧಿಸಿತು. ಆಸ್ಪತ್ರೆಯಲ್ಲಿ ಬೇರೆ ಯಾವುದೂ ನಾಟದಾಗ ಕಟ್ಟಕಡೆಗೆ ಕೊಡುವ ಔಷಧ ಅದು. ಅದನ್ನು ಕೋಳಿ ಫೀಡಿಗೆ ಕೂಡಿಸುತ್ತಿದ್ದರು!

ಹೀಗಿರುವಾಗ ಜೋಳದ ಫೀಡು ಮಾಡುವ ಸದಸ್ಯರು ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ಜೋಳದ ನಿಜವಾದ ಕೊರತೆಗಳಿಗೆ ನಿಜವಾದ ಪೂರೈಕೆ ಮಾಡಿದರೆ ಈ ಮೂರನೆಯ ಪುಡಿಯ ಹಂಗೇ ಬೇಕಾಗಿಲ್ಲ. ರಂಜಕಕ್ಕೆ ಡಿ.ಸಿ.ಪಿ. ಇಲ್ಲವೆ ಫೈಟೇಸ್. ಜೋಳದ ಸಾರಜನಕದಲ್ಲಿ ಲೈಸಿನ್, ಮೆಥಿಯೊನಿನ್ ಎಂಬ ಅಂಶಗಳು ಸಾಲದು, ಅದಕ್ಕೆ ಸೋಯಾ ಹಿಂಡಿ ಮತ್ತು ಆ ಹೆಸರಿನ ಪುಡಿಗಳು. ವಿಟಮಿನ್ ಪುಡಿಯಲ್ಲಿ ಸುಬ್ಬರಾಯರ ಫೋಲಿಕ್ ಆಸಿಡ್ ಇದ್ದೇ ಇರುತ್ತದೆ. ಜೋಳ ತಿಂದ ಕೋಳಿಯ ಕಾಲು, ಚರ್ಮ ಬಿಳಿಚಿಕೊಂಡಂತೆ ಕಾಣುವುದು ರೋಗವಲ್ಲ, ಗೋವಿನಜೋಳದ ಹಳದಿ ಬಣ್ಣ ಜೋಳದಲ್ಲಿ ಇಲ್ಲದ್ದರಿಂದ ಹಾಗೆ. ಗಿರಾಕಿ ಹಳದಿ ಬೇಕೆಂದರೆ ಸ್ವಲ್ಪ ಗೋವಿನಜೋಳವನ್ನೂ ಕೂಡಿಸಿ, ಗಾಬರಿಯಾಗಿ ಔಷಧ ಹಾಕಬೇಡಿ. ಕೆಂಪು, ಕಂದು ಬಣ್ಣದ ಕೆಲವು ಜೋಳಗಳಲ್ಲಿ ಟ್ಯಾನಿನ್ ಎಂಬ ಒಗರು ಹೆಚ್ಚಿರುತ್ತದೆ. ಗುಬ್ಬಿ, ಗಿಳಿ ಅದನ್ನು ಬಿಟ್ಟು ಹೋಗುವುದು ಅದಕ್ಕೇ. ಆ ಒಗರು ಸಾರಜನಕವನ್ನು ಹಿಡಿದಿಟ್ಟು ಕೋಳಿಗೆ ಹತ್ತಗೊಡುವುದಿಲ್ಲ. ಅಂಥ ಜೋಳ ಅಗ್ಗವೆಂದು ತರಲೇಬಾರದು. ಬಿಳಿಜೋಳಕ್ಕೆ ಈ ತೊಂದರೆ ಇಲ್ಲ.

ಬೂಜಿನ ಜೋಳದ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. 1995ರಲ್ಲಿ ಬಯಲು ಸೀಮೆಯ ಕೆಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಜು ಹಿಡಿದ ಜೋಳ, ಗೋವಿನಜೋಳದ ರೊಟ್ಟಿ ತಿಂದ ಜನರಿಗೆ ಹೊಟ್ಟೆನೋವು, ಭೇದಿ ಆಗಿ, ಅದು ಬೂಜಿನ ವಿಷವೆಂದು ಹೈದರಾಬಾದಿನ ಪೌಷ್ಟಿಕ ಆಹಾರ ಸಂಸ್ಥೆಯವರು ಪತ್ತೆ ಹಚ್ಚಿದರು. ಮನುಷ್ಯನಿಗೇ ಹೀಗಾದರೆ ಅಂಗೈಯಷ್ಟು ಮರಿಯ ಗತಿ ಏನು? ವಿಷ ಹೀರಿಕೊಳ್ಳುವ ಪುಡಿಗಳು ಅಂಗಡಿಯಲ್ಲಿ ಸಿಗುತ್ತವೆ, ಸ್ವಲ್ಪ ಮಟ್ಟಿಗೆ ಉಪಯೋಗವೂ ಇದೆ. ಆದರೆ ನಮ್ಮ ಈ ಮಳೆಯ ಸೀಮೆಯಲ್ಲಿ ಚೆನ್ನಾಗಿ ಒಣಗಿಸಿ, ನೆಲಕ್ಕೆ ಹಲಗೆ ಹಾಕಿ ಚೀಲ ಇಡುವುದಕ್ಕಿಂತ ದೊಡ್ಡ ಪುಡಿ ಯಾವುದೂ ಇಲ್ಲ. ಕೋಳಿಗೆ ರೋಗ ಬಂದರೆ ಔಷಧ ಕೊಡಲೇಬೇಕು, ಬೇಡ ಅನ್ನುವವನು ನಾನಲ್ಲ. ಪಶುವೈದ್ಯರು ಬರೆದುಕೊಟ್ಟದ್ದನ್ನು, ಅವರು ಹೇಳಿದಷ್ಟು ದಿನ ಕೊಟ್ಟು, ಆಮೇಲೆ ಅವರು ಹೇಳಿದಷ್ಟು ದಿನ ಬಿಟ್ಟು ಕೋಳಿ ಮಾರಬೇಕು.

ಈ ವಿಷಯ ಮುಂದಿನ ವಾರ್ಷಿಕ ಸರ್ವಸಾಧಾರಣ ಸಭೆಯ ಮುಂದೆ ಬರಲಿದೆ. ಬೆಳವಣಿಗೆಯ ಹೆಸರಿನಲ್ಲಿ ಆಂಟಿಬಯೋಟಿಕ್ ಕೂಡಿಸಿದ ಫೀಡ್ ಆಗಲಿ, ಪುಡಿ ಆಗಲಿ ನಮ್ಮ ಗೋದಾಮಿಗೆ ತರಿಸಬಾರದು ಎಂಬ ಠರಾವನ್ನು ನಾನು ಮಂಡಿಸುವವನಿದ್ದೇನೆ. ನಾಲ್ಕು ಮಂದಿ ವಿರೋಧ ಮಾಡುತ್ತಾರೆ, ಹೊರಗಿನ ಅಂಗಡಿಯಲ್ಲಿ ಸಿಗುವುದನ್ನು ಸೊಸೈಟಿ ಇಡದಿದ್ದರೆ ವ್ಯಾಪಾರ ಹೋಗುತ್ತದೆ ಎನ್ನುತ್ತಾರೆ. ವ್ಯಾಪಾರ ಸ್ವಲ್ಪ ಹೋಗಲೂಬಹುದು. ಶೆಡ್ಡು ಇರುವ ಸದಸ್ಯರು ತಾವು ಈಗ ಬಳಸುವ ಫೀಡಿನ ಚೀಲಕ್ಕೆ ಹೊಲಿದಿರುವ ಚೀಟಿಯನ್ನು ಹರಿದು ಬಿಸಾಡದೆ ಸಭೆಗೆ ತರಬೇಕು, ಅದರಲ್ಲಿ ಏನು ಬರೆದಿದೆ ಎಂದು ಎಲ್ಲರೂ ಕೂಡಿ ಓದೋಣ.

ಸುಬ್ಬರಾಯರ ಬಗ್ಗೆ ಒಂದೆರಡು ಮಾತು ಉಳಿಯಿತು. ಅವರ ಜನ್ಮಶತಮಾನೋತ್ಸವದ ವರ್ಷ 1995ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಅಮೇರಿಕದ ಕಂಪನಿಯವರು ಒಂದು ಹೊಸ ಬೂಜಿಗೆ ಅವರ ಹೆಸರು ಸೇರಿಸಿ ಸುಬ್ಬರೋಮೈಸಿಸ್ ಎಂದು ಕರೆದರು. ದೊಡ್ಡ ಬಹುಮಾನ ಯಾವುದೂ ಅವರಿಗೆ ಬರಲಿಲ್ಲ.